ಲಗೇಜಿನ ಲಕ್ಷಣ

ಕೆಸರೆಯ ಮರಿಸ್ವಾಮಿಯವರು ಅರವತ್ತು ತುಂಬಿ, ಸಿಟಿ ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ, ಹಾರ ಹಾಕಿಸಿಕೊಂಡು ಮನೆಗೆ ಬಂದ ಮೂರನೆಯ ತಿಂಗಳಿಗೆ ತತ್ವಶಾಸ್ತ್ರದ ಎಂ.ಎ.ಗೆ ಸೇರಿಕೊಂಡರು. ನಿವೃತ್ತರಾದವರು ಮಾಡುವ ಕೆಲಸಗಳು ನಮ್ಮ ಮೈಸೂರಿನಲ್ಲಿ ಹೆಚ್ಚುಕಡಿಮೆ ಗೊತ್ತಿರುವಂಥವೇ. ಸೈಟಿಗೆ ಕಾಂಪೌಂಡ್ ಹಾಕಿಸುವುದು, ಸಕ್ಕರೆ ಕಾಯಿಲೆ ಬಂದಿದೆಯೋ ಇಲ್ಲವೋ ಎಂದು ರಕ್ತ ಕೊಟ್ಟು ಬರುವುದು, ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಡುವುದು. ಆ ಪಟ್ಟಿಯಲ್ಲಿ ಎಂ.ಎ. ಇಲ್ಲ, ತತ್ವಶಾಸ್ತ್ರವಂತೂ ಇಲ್ಲವೇ ಇಲ್ಲ. ಕೇಳಿದವರು ಮೊದಲು ನಕ್ಕರು. ಆಮೇಲೆ ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ ಎಂದು ಕೇಳಿದರು. ಅರವತ್ತಾದವರಿಗೆ ಇನ್ಯಾವ ಕೆಲಸ ಎಂದು ತಮಗೇ ಹೊಳೆದ ಮೇಲೆ ಇನ್ನೊಂದು ಸಲ ನಕ್ಕರು.

ಡ್ಯೂಟಿಯಲ್ಲಿದ್ದಾಗಲೇ ಅವರು ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಎ. ಮುಗಿಸಿಕೊಂಡಿದ್ದರು. ಈಗ ಎಂ.ಎ.ಯ ಪಾಠದ ಪುಸ್ತಕಗಳು ಅಂಚೆಯಲ್ಲೇ ಬಂದವು. ಮರಿಸ್ವಾಮಿಯವರು ಒಂದೊಂದು ಪುಟವನ್ನೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಂಡು ಓದಿದರು. ಓದುವುದೇನೋ ಸುಲಭವಾಗಿತ್ತು. ಕಷ್ಟವೆಂದರೆ ಓದಿದ್ದರ ಬಗ್ಗೆ ಇನ್ನೊಬ್ಬರ ಹತ್ತಿರ ಜಗಳವಾಡದೆ ಇರುವುದು. ತತ್ವಶಾಸ್ತ್ರ ದೋಸೆ ಹಿಟ್ಟಿನ ಹಾಗೆ, ಮುಚ್ಚಿಟ್ಟಷ್ಟೂ ಉಬ್ಬುತ್ತದೆ.

ಮೊದಲು ಹೆಂಡತಿ ವಸಂತಮ್ಮನವರ ಮೇಲೆ ಪ್ರಯೋಗ ನಡೆಯಿತು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯಬೇಕು ಎನ್ನುವುದು ತರ್ಕದ ಮೊದಲನೆಯ ಪಾಠ. ಒಂದು ಬೆಳಿಗ್ಗೆ ಅವರನ್ನು ತಾರಸಿಗೆ ಕರೆದುಕೊಂಡು ಹೋಗಿ, ದೂರದ ಚಾಮುಂಡಿ ಬೆಟ್ಟವನ್ನು ತೋರಿಸಿ, ಅಲ್ಲಿ ಬೆಳ್ಳಗೆ ಕಾಣುತ್ತಿರುವುದರಿಂದ ಏನು ಗೊತ್ತಾಗುತ್ತದೆ ಎಂದು ಕೇಳಿದರು.

"ಅದು ಮಂಜು ಕಣ್ರೀ," ಅಂದರು ವಸಂತಮ್ಮ. "ಒಲೆ ಮ್ಯಾಲೆ ಹಾಲಿಟ್ ಬಂದಿವ್ನಿ. ಇನ್ನೊಸಿ ಒತ್ತು ಇಲ್ಲೇ ನಿಂತಿದ್ರೆ ಹೊಗೆ ಯಾವ್ದು ಅಂತ ಗೊತ್ತಾಯ್ತದೆ."

ಆಮೇಲೆ ಟೀ ಅಂಗಡಿಯ ಸರದಿ. ಕೂರಲು ಕುರ್ಚಿ ಇದೆಯೇ ಎಂದು ಮರಿಸ್ವಾಮಿಯವರೇ ಕೇಳಿದರು. ಇದೆ, ಕೂತ್ಕೊಳಿ ಎಂದ ಅಂಗಡಿಯವನನ್ನು, ಇದೆ ಎಂದು ನಿನಗೆ ಹೇಗೆ ಗೊತ್ತು ಎಂದು ಹಿಡಿದುಕೊಂಡರು. ಅವನು ಪಾಪ, ಕಣ್ಣಿಗೆ ಕಾಣುತ್ತದಲ್ಲ ಎಂದ. ಕನಸಿನಲ್ಲೂ ಕಾಣುತ್ತದೆ ಎಂದು ಇವರು ಶುರುಮಾಡಿದ್ದು ಮುಗಿಯುವ ಹೊತ್ತಿಗೆ ಮೂರು ಜನ ಗಿರಾಕಿಗಳು ಎದ್ದು ಹೋಗಿದ್ದರು. ವಾರ ಕಳೆಯುವಷ್ಟರಲ್ಲಿ ಮರಿಸ್ವಾಮಿ ಬರುತ್ತಿರುವುದನ್ನು ಕಂಡರೆ ಕೆಸರೆಯ ಗಂಡಸರಿಗೆಲ್ಲ ಏನೋ ಒಂದು ಕೆಲಸ ಜ್ಞಾಪಕಕ್ಕೆ ಬರತೊಡಗಿತು. ಮೂವತ್ತನಾಲ್ಕು ವರ್ಷ ತುಂಬಿದ ಬಸ್ಸಿನಲ್ಲಿ ಬದುಕಿದ ಮನುಷ್ಯ ಅವರು. ಮಾತಿಗೆ ಜನ ಸಿಗದೆ ನಿಜವಾಗಿಯೂ ನೊಂದುಕೊಂಡರು.

ದೂರಶಿಕ್ಷಣದವರ ಸಂಪರ್ಕ ತರಗತಿಯಲ್ಲಿ ನಲವತ್ತು ಕುರ್ಚಿ ಹಾಕಿದ್ದರು. ಬಂದಿದ್ದವರು ಇಬ್ಬರು. ಎರಡನೆಯವಳು ರಾಜೀವನಗರದ ಬಿಂದುಶ್ರೀ, ಇಪ್ಪತ್ನಾಲ್ಕು ವರ್ಷದ ಹುಡುಗಿ, ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಜನರಿಗೆ ಅಕ್ಷರ ಕಾಣುತ್ತದೆಯೇ ಎಂದು ಕೇಳಿ ಕೇಳಿ, ಕಾಣುವುದು ಎಂದರೇನು ಎಂಬ ಸಂಶಯ ಹುಟ್ಟಿ ಇಲ್ಲಿಗೆ ಬಂದವಳು. ನಮ್ಮಂಥವರು ಊರಿನಲ್ಲಿ ಇನ್ನೂ ಇದ್ದೇ ಇರುತ್ತಾರೆ ಅಂಕಲ್ ಎಂದು ಅವಳೇ ಧೈರ್ಯ ಹೇಳಿ, ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಒಂದು ಸಂದೇಶ ಹಾಕಿದಳು. ತತ್ವಶಾಸ್ತ್ರದಲ್ಲಿ ಆಸಕ್ತಿ ಇರುವವರು ಭಾನುವಾರ ಬೆಳಿಗ್ಗೆ ಆರೂವರೆಗೆ ಚಾಮುಂಡಿ ಬೆಟ್ಟದ ಪಾದಕ್ಕೆ ಬನ್ನಿ, ನಂದಿಯ ವಿಗ್ರಹದವರೆಗೆ ಹತ್ತಿ, ಕೂತು ಮಾತಾಡೋಣ ಎಂದು.

ಮೊದಲ ಭಾನುವಾರ ಒಂಬತ್ತು ಜನ ಬಂದರು. ಇಬ್ಬರು ಯೋಗದ ಕ್ಲಾಸೆಂದುಕೊಂಡು ಚಾಪೆ ತಂದಿದ್ದರು. ಒಬ್ಬರು ಮಗಳ ಜಾತಕ ತಂದಿದ್ದರು. ಮತ್ತೊಬ್ಬರು ಮಂಡಿನೋವಿಗೆ ಪುಡಿ ಮಾರುವವರು. ಏಳುನೂರು ಮೆಟ್ಟಿಲು ಹತ್ತುವ ಮುದುಕರ ಗುಂಪೆಂದರೆ ಅವರಿಗೆ ಹಬ್ಬ. ನಾಲ್ಕನೆಯ ಭಾನುವಾರದ ಹೊತ್ತಿಗೆ ಇವರೆಲ್ಲ ಜರಡಿಯಲ್ಲಿ ಸೋಸಿಹೋಗಿ ಒಬ್ಬರೇ ಒಬ್ಬರು ಉಳಿದರು. ಅವರೇ ಚೂಡಾಮಣಿಯವರು.

ಚೂಡಾಮಣಿಯವರಿಗೆ ಅರವತ್ತೆಂಟು. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು, ಮನೆಯಲ್ಲಿ ವೀಣೆಯ ಪಾಠ. ಅವರ ತಾತ ಅರಮನೆಯಲ್ಲಿ ವಿದ್ವಾಂಸರಾಗಿದ್ದರಂತೆ. ಮಗು ಹಸಿವು ಎಂದು ಅತ್ತರೆ, ಹಸಿವು ಎಂದರೇನು ಎಂದು ಕೇಳಿ, ಉತ್ತರ ಸರಿ ಬಂದ ಮೇಲೆ ಬಡಿಸುತ್ತಿದ್ದ ವಂಶ. ಮೆಟ್ಟಿಲು ಹತ್ತುವಾಗ ಮಾತಿಲ್ಲ, ದಣಿದು ನಿಂತಾಗ ಯಾರಿಗೆ ಮೊದಲು ಉಸಿರು ಬರುತ್ತದೋ ಅವರದೇ ಮೊದಲ ಮಾತು ಎಂಬ ಕಟ್ಟಳೆ ಮಾಡಿದವರೂ ಅವರೇ. ಆ ಕಟ್ಟಳೆಯಿಂದ ಪ್ರತಿಸಲವೂ ಲಾಭವಾಗುತ್ತಿದ್ದುದೂ ಅವರಿಗೇ.

ಮೊದಲ ಭಾನುವಾರವೇ ಮರಿಸ್ವಾಮಿಯವರು ಅವರ ಗುರುತು ಹಿಡಿದಿದ್ದರು. ಎಲ್ಲರನ್ನೂ ಸ್ವಾಗತಿಸಿ, ಇವತ್ತು ಸತ್ಯದ ವಿಚಾರ ಮಾತಾಡೋಣ ಎಂದಿದ್ದರು. ಆಗ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡ ಆ ಹೆಂಗಸು ಗದ್ದ ಮೇಲೆತ್ತಿ ಕೇಳಿದರು:

"ಸತ್ಯ ಎಂದರೆ ಏನು? ಮೊದಲು ಲಕ್ಷಣ ಹೇಳಿ."

ಆ ಗದ್ದವನ್ನು, ಆ ಮಾತನ್ನು ಮರಿಸ್ವಾಮಿಯವರು ಹದಿನೆಂಟು ವರ್ಷದ ಹಿಂದೆ ಕಂಡಿದ್ದರು, ಕೇಳಿದ್ದರು. ಅಂದು ಮಧ್ಯಾಹ್ನ ಅವರ ಬಸ್ಸು ಅಗ್ರಹಾರದಿಂದ ಶ್ರೀರಾಂಪುರದ ಕಡೆಗೆ ಹೊರಟಿತ್ತು. ಬಟ್ಟೆಯ ಚೀಲ ಹೊದಿಸಿದ ವೀಣೆಯನ್ನು ಸೀಟಿಗೆ ಆನಿಸಿಕೊಂಡು ಒಬ್ಬ ಹೆಂಗಸು ಕೂತಿದ್ದರು. ಮರಿಸ್ವಾಮಿ ಲಗೇಜ್ ಟಿಕೆಟ್ ತೆಗೆದುಕೊಳ್ಳಿ ಎಂದರು. ಆಕೆ, ಲಗೇಜ್ ಎಂದರೆ ಏನು, ಮೊದಲು ಲಕ್ಷಣ ಹೇಳು ಎಂದರು. ಹುಂಬತನಕ್ಕೆ ಮರಿಸ್ವಾಮಿ ಹೇಳಲು ಹೊರಟರು. ಜಾಗ ಹಿಡಿಯುವುದೆಲ್ಲ ಲಗೇಜು ಎಂದರು. ಹಾಗಾದರೆ ಎರಡು ಸೀಟು ತುಂಬಿ ಕೂತಿರುವ ಆ ಯಜಮಾನರು ಎಂದು ಆಕೆ ಕೈ ತೋರಿಸಿದರು. ಕೈಯಲ್ಲಿ ಹಿಡಿದುಕೊಂಡಿರುವುದು ಎಂದು ತಿದ್ದಿಕೊಂಡರು. ಸೊಂಟದ ಮೇಲಿರುವ ಕೂಸು ಎಂದರು ಆಕೆ. ಜೀವವಿಲ್ಲದ್ದು ಎಂದು ಮರಿಸ್ವಾಮಿ ಬೆವರು ಒರೆಸಿಕೊಂಡರು. ಈಗ ತಾನೇ ಬುಟ್ಟಿಯಲ್ಲಿದ್ದ ಕೋಳಿಗಳಿಗೆ ಟಿಕೆಟ್ ಹರಿದೆಯಲ್ಲ, ಅವು ಸತ್ತಿವೆಯೇ ಎಂದು ಆಕೆ ಕೇಳಿದಾಗ ಇಡೀ ಬಸ್ಸು ನಕ್ಕಿತು. ಡ್ರೈವರ್ ಸಿದ್ದಲಿಂಗಸ್ವಾಮಿ ಗಾಡಿ ನಿಧಾನ ಮಾಡಿಕೊಂಡು ನಕ್ಕ. ಸೋತವನಿಗೆ ಉಳಿಯುವುದು ಕಾನೂನೊಂದೇ. ಟಿಕೆಟ್ ತಗೊಳ್ಳಿ, ಇಲ್ಲದಿದ್ದರೆ ಇಳೀರಿ ಎಂದು ಮರಿಸ್ವಾಮಿ ಪಟ್ಟು ಹಿಡಿದರು.

ಆಗ ಆಕೆ ಹೇಳಿದ ಮಾತು ಇದು: "ಚೀಟಿ ಹರಿಯೋನ ತಲೆಗೆ ಇದೆಲ್ಲ ಎಲ್ಲಿ ಹತ್ತಬೇಕು. ನಿಮ್ಮ ಜನಕ್ಕೆ ಕೂಗೋದೊಂದೇ ಗೊತ್ತು."

ಬಸ್ಸಿನ ನಗು ಇನ್ನೂ ನಿಂತಿರಲಿಲ್ಲವಾದ್ದರಿಂದ ಈ ಮಾತು ಮರಿಸ್ವಾಮಿಯವರನ್ನು ಬಿಟ್ಟು ಇನ್ನಾರಿಗೂ ಕೇಳಿಸಲಿಲ್ಲ. ಅವರು ವಿಷಲ್ ಊದಿ ಬಸ್ಸು ನಿಲ್ಲಿಸಿ, ಮುಂದಿನ ಸ್ಟಾಪಿಗೆ ಇನ್ನೂ ಅರ್ಧ ದಾರಿ ಇರುವಾಗಲೇ, ಉರಿಬಿಸಿಲಿನಲ್ಲಿ, ವೀಣೆಯ ಸಮೇತ ಆಕೆಯನ್ನು ಇಳಿಸಿಬಿಟ್ಟರು. ಲಗೇಜಿನ ಲಕ್ಷಣ ಹುಡುಕಿಕೊಂಡೇ ಅವರು ಎಂ.ಎ.ವರೆಗೆ ಬಂದರು ಎಂದರೆ ಸ್ವಲ್ಪ ಹೆಚ್ಚಾದೀತು. ಆದರೆ ಹದಿನೆಂಟು ವರ್ಷ ಆ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ ಎಂಬುದು ನಿಜ.

ಈಗ ಆ ಹೆಂಗಸು ಬೆಟ್ಟದ ಪಾದದಲ್ಲಿ ಎದುರಿಗೆ ನಿಂತು, ತಾವು ಏನು ಮಾಡಿಕೊಂಡಿದ್ದಿರಿ ಎಂದು ವಿನಯವಾಗಿ ಕೇಳುತ್ತಿದ್ದರು. ಮರಿಸ್ವಾಮಿಯವರು ಮಂಕಿಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಸಾರಿಗೆಯಲ್ಲಿದ್ದೆ, ಆಫೀಸ್ ಕಡೆ ಎಂದುಬಿಟ್ಟರು. ಬಿಂದುಶ್ರೀಗೆ ಅದು ಸುಳ್ಳೆಂದು ತಿಳಿಯುವಂತಿರಲಿಲ್ಲ. ಈ ಕಾಲದ ಮಕ್ಕಳು ಅಂಕಲ್ ಎಂದ ಮೇಲೆ ಮುಂದೆ ಏನನ್ನೂ ಕೇಳುವುದಿಲ್ಲ.

ಆ ಮೇಲಿನ ತಿಂಗಳುಗಳು ಮರಿಸ್ವಾಮಿಯವರ ಬಾಳಿನಲ್ಲೇ ಸುಖದ ತಿಂಗಳುಗಳು. ನಂದಿಯ ಹಿಂದಿನ ಬಂಡೆಯ ಮೇಲೆ ಕೂತು ಮೂವರೂ ಹಗ್ಗ ಹಾವಾಗಿ ಕಾಣುವುದೇಕೆ, ನಿದ್ದೆಯಲ್ಲಿ ನಾನು ಎಲ್ಲಿರುತ್ತೇನೆ ಎಂದು ಗಂಟಲು ಒಣಗುವವರೆಗೆ ಕಿತ್ತಾಡಿದರು. ಒಣಗಿದ ಮೇಲೆ ಮಜ್ಜಿಗೆ ಕುಡಿದು ಮತ್ತೆ ಕಿತ್ತಾಡಿದರು. ಮರಿಸ್ವಾಮಿಯವರ ಮಾತನ್ನು ಇಲ್ಲಿ ಒಬ್ಬರು ಕೊನೆಯವರೆಗೆ ಕೇಳಿ, ಆಮೇಲೆ ತಪ್ಪು ಎನ್ನುತ್ತಿದ್ದರು. ಕೆಸರೆಯಲ್ಲಿ ಕೇಳುವ ಮೊದಲೇ ಸರಿ ಸರಿ ಎನ್ನುತ್ತಿದ್ದವರನ್ನು ಕಂಡು ಬೇಸತ್ತಿದ್ದ ಅವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಈ ಭಾನುವಾರಗಳು ಎಲ್ಲಿ ಕೈತಪ್ಪಿ ಹೋಗುತ್ತವೋ ಎಂಬುದೊಂದೇ ಅವರ ಭಯ.

ಭಯಕ್ಕೆ ಕಾರಣವೂ ಇತ್ತು. ಅಜ್ಞಾನಕ್ಕೆ, ಮೊಂಡುತನಕ್ಕೆ, ಅಧಿಕಾರದ ಮದಕ್ಕೆ ಉದಾಹರಣೆ ಬೇಕಾದಾಗಲೆಲ್ಲ ಚೂಡಾಮಣಿಯವರು ಆ ಕಂಡಕ್ಟರನ್ನು ಕರೆತರುತ್ತಿದ್ದರು. ಕಥೆ ಹೇಳುತ್ತ ಹೇಳುತ್ತ ಅವನು ಆರಡಿ ಎತ್ತರವಾದ, ಅವನಿಗೆ ಗಿರಿಜಾ ಮೀಸೆ ಬಂತು, ಕಣ್ಣು ಕೆಂಪಗಾಯಿತು. ತಾವು ಕೊನೆಯಲ್ಲಿ ಹೇಳಿದ ಮಾತೊಂದನ್ನು ಮಾತ್ರ ಅವರು ಯಾವಾಗಲೂ ಬಿಟ್ಟು ಹೇಳುತ್ತಿದ್ದರು. ಐದಡಿ ನಾಲ್ಕಂಗುಲದ, ಮೀಸೆಯೇ ಇಲ್ಲದ ಮರಿಸ್ವಾಮಿಯವರು ಮಜ್ಜಿಗೆಯ ಲೋಟ ಹಿಡಿದುಕೊಂಡು, ಅಂಥೋರೂ ಇರ್ತಾರೆ ಅಮ್ಮಾವ್ರೆ ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು. ಕೆಲವು ಸಲ ತಡೆಯಲಾರದೆ ಅವನ ಪರ ವಾದಿಸಲೂ ಹೋಗುತ್ತಿದ್ದರು. ಚೆಕಿಂಗ್‌ನವರು ಹತ್ತಿದ್ದರೆ ಅವನ ಗತಿ ಏನು, ಬಸ್ಸೆಲ್ಲ ನಗುವಾಗ ಅವನ ಹೊಟ್ಟೆಯೊಳಗೆ ಏನಾಗಿತ್ತೋ ಎಂದು. ನಿಮ್ಮದು ಬಹಳ ಕರುಣೆಯ ಮನಸ್ಸು ಎಂದು ಚೂಡಾಮಣಿಯವರು ಮೆಚ್ಚಿಕೊಂಡಾಗ ಇವರಿಗೆ ಮಜ್ಜಿಗೆ ನೆತ್ತಿಗೇರುತ್ತಿತ್ತು.

ಮನೆಯಲ್ಲಿ ವಸಂತಮ್ಮನವರಿಗೆ ವಿಷಯ ಗೊತ್ತಿತ್ತು, ಚೂಡಾಮಣಿಯವರ ಕೊನೆಯ ಮಾತಿನ ಹೊರತು. ಹೇಳ್ಬುಡಿ ಅತ್ಲಾಗೆ, ಬೇಸಿಗೆ ಬಂತು, ಇನ್ನೆಷ್ಟು ದಿನ ಮಂಕಿಟೋಪಿ ಹಾಕ್ಕೊಂಡ್ ತಿರುಗ್ತೀರಿ ಎಂದು ಅವರು ಪ್ರತಿ ಶನಿವಾರ ಹೇಳುತ್ತಿದ್ದರು. ಮರಿಸ್ವಾಮಿಯವರು ಹೂಂ ಎನ್ನುತ್ತಿದ್ದರು. ಭಾನುವಾರ ಟೋಪಿ ಹಾಕಿಕೊಳ್ಳುತ್ತಿದ್ದರು.

ಮಾರ್ಚ್ ತಿಂಗಳ ಒಂದು ಭಾನುವಾರ, ಮನುಷ್ಯ ಜೀವನವೆಲ್ಲ ಅದೇ ಮನುಷ್ಯನಾಗಿರುತ್ತಾನೆಯೇ, ಬದಲಾಗುತ್ತಾನೆಯೇ ಎಂಬ ಮಾತು ಬಂತು. ಅವನೇ ಆಗಿರುತ್ತಾನೆ ಎಂದರು ಚೂಡಾಮಣಿ. ಆ ಕಂಡಕ್ಟರ್ ಇವತ್ತು ಎಲ್ಲಿದ್ದರೂ ಅದೇ ಕತ್ತೆಯಾಗಿಯೇ ಇರುತ್ತಾನೆ. ಬದಲಾಗಿರಬಹುದಲ್ಲ ಮೇಡಂ ಎಂದಳು ಬಿಂದುಶ್ರೀ. ಬರೀ ವಾದ ಯಾಕೆ, ಆ ಮನುಷ್ಯನನ್ನೇ ಹುಡುಕಿ ಕೇಳೋಣ ಎಂದು ಮೊಬೈಲ್ ತೆಗೆದು, ಮೈಸೂರಿನವರ ಫೇಸ್‌ಬುಕ್ ಗುಂಪಿಗೆ ಬರೆಯಲು ಶುರುಮಾಡಿಯೂಬಿಟ್ಟಳು. ಹದಿನೆಂಟು ವರ್ಷದ ಹಿಂದೆ, ಅಗ್ರಹಾರದ ಬಸ್ಸು, ವೀಣೆ, ಕೋಳಿ, ಕಂಡಕ್ಟರ್ ಯಾರು? ಆ ಗುಂಪಿನಲ್ಲಿ ನಲವತ್ತು ಸಾವಿರ ಜನ ಇದ್ದಾರೆ ಎಂದು ಹೆಮ್ಮೆಯಿಂದ ಹೇಳಿದಳು. ನಲವತ್ತು ಸಾವಿರ ಏಕೆ, ಸಿದ್ದಲಿಂಗಸ್ವಾಮಿ ಒಬ್ಬ ಇದ್ದರೆ ಸಾಕಾಗಿತ್ತು. ಅವನು ದಿನವಿಡೀ ಅಲ್ಲೇ ಇರುತ್ತಾನೆಂದು ಮರಿಸ್ವಾಮಿಯವರಿಗೆ ಗೊತ್ತಿತ್ತು.

"ಹಾಕ್ಬ್ಯಾಡ ಕಣಮ್ಮ," ಎಂದು ಅವರು ಎದ್ದು ನಿಂತು ಟೋಪಿ ತೆಗೆದರು. "ಅವ್ನು ನಾನೇ."

ಚೂಡಾಮಣಿಯವರು ಅವರನ್ನು ಬರಿಗಾಲಿನಿಂದ ಬೋಳುತಲೆಯವರೆಗೆ ನೋಡಿದರು. ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದೆಲ್ಲ ಮರಿಸ್ವಾಮಿಯವರು ಎಣಿಸಿದ್ದರು. ಆದರೆ ಆಕೆ ಮುಗುಳ್ನಕ್ಕರು. ನಾನು ಅವನನ್ನು ಬೈಯುವುದನ್ನು ನಿಲ್ಲಿಸಲಿ ಎಂದು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಳ್ಳುತ್ತಿದ್ದೀರಿ, ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ ಎಂದರು. ಮರಿಸ್ವಾಮಿಯವರು ಇಲ್ಲ, ನಿಜವಾಗಿ ನಾನೇ ಎಂದರು.

"ಸಾಧ್ಯವಿಲ್ಲ," ಎಂದರು ಚೂಡಾಮಣಿ. "ನಿಮ್ಮಂಥ ವಿಚಾರವಂತರು ಆ ಕೆಲಸದಲ್ಲಿ ಇದ್ದವರಾಗಿರೋಕೆ ಸಾಧ್ಯವೇ ಇಲ್ಲ."

ಹೊಗಳಿಕೆಯೇ ಅದು, ಪ್ರೀತಿಯಿಂದಲೇ ಹೇಳಿದ್ದು. ಆದರೆ ಮರಿಸ್ವಾಮಿಯವರಿಗೆ ಹದಿನೆಂಟು ವರ್ಷದ ಹಿಂದಿನ ಬೈಗುಳಕ್ಕಿಂತ ಈ ಹೊಗಳಿಕೆ ಹೆಚ್ಚು ಚುಚ್ಚಿತು. ಮೂವತ್ತನಾಲ್ಕು ವರ್ಷ ತಾವು ಮಾಡಿದ ಕೆಲಸವನ್ನು ಆಫೀಸ್ ಕಡೆ ಎಂದು ಅಡಗಿಸಿದ್ದು ತಾವೇ ಎಂಬುದು ಇನ್ನೂ ಚುಚ್ಚಿತು. ಇಷ್ಟು ದಿನ ಸಿಕ್ಕಿಬೀಳಬಾರದೆಂದು ತಲೆಮರೆಸಿಕೊಂಡಿದ್ದ ಮನುಷ್ಯ ಈಗ, ನಾನೇ ಆ ಕತ್ತೆ ಎಂದು ಸಾಧಿಸಲು ನಡುಕಟ್ಟಿ ನಿಂತರು.

ಮೊದಲು ಕಂಠದ ಸಾಕ್ಷಿ ಕೊಟ್ಟರು. ನಂದಿಯ ಕಡೆಗೆ ತಿರುಗಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಅಗ್ರಾರ, ಬಲ್ಲಾಳ್ ಸರ್ಕಲ್, ಶ್ರೀರಾಂಪುರ... ಮುಂದಕ್ ನಡೀರಿ, ಮುಂದ್ಗಡೆ ಖಾಲಿ ಐತೆ," ಎಂದು ಕೂಗಿದರು. ಪ್ರದಕ್ಷಿಣೆ ಹಾಕುತ್ತಿದ್ದ ನಾಲ್ಕೈದು ಜನ ಏನೂ ಕೇಳದೆ ಮುಂದಕ್ಕೆ ಸರಿದು ಜಾಗ ಬಿಟ್ಟರು. ಬಿಂದುಶ್ರೀ ಕಣ್ಣರಳಿಸಿದಳು. ಚೂಡಾಮಣಿಯವರು ಒಪ್ಪಲಿಲ್ಲ. ಇದರಿಂದ ನೀವು ಒಬ್ಬ ಕಂಡಕ್ಟರ್ ಎಂದಾಯಿತೇ ಹೊರತು ಆ ಕಂಡಕ್ಟರ್ ಎಂದಾಗಲಿಲ್ಲ, ಮೈಸೂರಿನಲ್ಲಿ ನಿವೃತ್ತ ಕಂಡಕ್ಟರುಗಳು ಎಷ್ಟಿಲ್ಲ ಎಂದರು. ವೀಣೆಯ ಚೀಲ ಹಸಿರು ಬಣ್ಣದ್ದು ಎಂದರು ಮರಿಸ್ವಾಮಿ. ಅದನ್ನು ನಾನೇ ನಿಮಗೆ ಹೇಳಿದ್ದೇನೆ ಎಂದರು ಚೂಡಾಮಣಿ. ಬಾಗಿಲ ಕಡೆಯಿಂದ ಮೂರನೆಯ ಸೀಟು ಎಂದರು. ಸಂಗೀತದವರು ಸಾಮಾನ್ಯವಾಗಿ ಅಲ್ಲೇ ಕೂರುತ್ತಾರೆ, ಅದು ಊಹೆ ಎಂದರು. ಕೋಳಿ ಎಷ್ಟು ಎಂದು ಆಕೆಯೇ ಕೇಳಿದರು. ನಾಲ್ಕು ಎಂದರು ಇವರು. ನಾನು ಎಣಿಸಿರಲಿಲ್ಲ, ಆದ್ದರಿಂದ ಪ್ರಮಾಣವಾಗುವುದಿಲ್ಲ ಎಂದುಬಿಟ್ಟರು. ಮರಿಸ್ವಾಮಿಯವರು ಬೆವರು ಒರೆಸಿಕೊಂಡರು. ಅಂದಿನ ಬಸ್ಸಿನಲ್ಲೂ ಅವರು ಹೀಗೇ ಒಂದೊಂದಾಗಿ ಸೋತಿದ್ದರು.

ಕೊನೆಗೆ ಚೂಡಾಮಣಿಯವರು ಗೆದ್ದವರ ಸಮಾಧಾನದಲ್ಲಿ ಒಂದು ಪ್ರಶ್ನೆ ಇಟ್ಟರು.

"ಇಳಿಯೋ ಮೊದಲು ನಾನು ಅವನಿಗೆ ಒಂದು ಮಾತು ಹೇಳಿದ್ದೆ. ಇವತ್ತಿನವರೆಗೆ ಅದನ್ನು ಯಾರ ಹತ್ತಿರವೂ ಆಡಿಲ್ಲ. ನೀವೇ ಅವನಾಗಿದ್ದರೆ, ಹೇಳಿ ನೋಡೋಣ."

ಮರಿಸ್ವಾಮಿಯವರು ಬಾಯಿ ತೆರೆದರು. ಮಾತು ಹದಿನೆಂಟು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ ಅವರು ಗೆದ್ದಂತೆ. ಬಿಂದುಶ್ರೀ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ಇವರನ್ನು, ಒಮ್ಮೆ ತನ್ನ ಮೇಡಮ್ಮನ್ನು ನೋಡುತ್ತಿದ್ದಳು. ಮೇಡಂ ಹಾಗೆ ಓದಬೇಕು, ಹಾಗೆ ಬದುಕಬೇಕು ಎಂದು ಆ ಹುಡುಗಿ ಮೆಟ್ಟಿಲು ಇಳಿಯುವಾಗ ಎಷ್ಟೋ ಸಲ ಹೇಳಿದ್ದಳು. ಅವಳದೂ ಮರಿಸ್ವಾಮಿಯವರ ಜನವೇ.

"ಅದೊಂದ ಮಾತ್ರ ನಾನು ಹೇಳಕ್ಕಿಲ್ಲ ಅಮ್ಮಾವ್ರೆ," ಎಂದರು ಮರಿಸ್ವಾಮಿ.

"ಗೊತ್ತಿಲ್ಲ ಅನ್ನಿ."

"ಗೊತ್ತದೆ. ಹೇಳಕ್ಕಿಲ್ಲ."

ಚೂಡಾಮಣಿಯವರ ಗದ್ದ ಮೆಲ್ಲಗೆ ಕೆಳಗಿಳಿಯಿತು. ಅದು ಎಂಥ ಮಾತೆಂದು ಗೊತ್ತಿಲ್ಲದವನು ಅದನ್ನು ಹೇಳುವುದಿಲ್ಲ ಎಂದು ಹಟ ಹಿಡಿಯಲಾರ. ಗೆಲ್ಲುವ ಮಾತನ್ನು ಕೈಯಲ್ಲಿಟ್ಟುಕೊಂಡು, ಹುಡುಗಿಯ ಎದುರಿಗೆ ಎದುರಾಳಿಯಾದ ತಮ್ಮ ಮುಖ ಉಳಿಸಲು ನಿಂತಿರುವ ಈ ಕುಳ್ಳ ಮನುಷ್ಯನನ್ನು ಅವರು ನೋಡಿದರು.

ಆಮೇಲೆ ಬಿಂದುಶ್ರೀಯ ಕಡೆ ತಿರುಗಿ ತಾವೇ ಆ ಮಾತನ್ನು ಹೇಳಿದರು. ಒಂದಕ್ಷರವನ್ನೂ ಬಿಡಲಿಲ್ಲ, 'ನಿಮ್ಮ ಜನಕ್ಕೆ' ಎಂಬುದನ್ನೂ ನುಂಗಲಿಲ್ಲ. ಹೇಳುವಾಗ ಅವರ ಧ್ವನಿ ಎರಡು ಸಲ ತಡವರಿಸಿತು. ಆ ಕತ್ತೆ ಆವತ್ತು ಸೀಟಿನ ಮೇಲೆ ಕೂತಿತ್ತು ನೋಡು ಮಗು ಎಂದರು ಚೂಡಾಮಣಿ. ಮರಿಸ್ವಾಮಿಯವರು ಗಡಿಬಿಡಿಯಿಂದ, ತಪ್ಪು ತಮ್ಮದೂ ಇತ್ತು, ಸ್ಟಾಪಿಲ್ಲದ ಕಡೆ ಹೆಂಗಸರನ್ನು ಇಳಿಸಲು ಯಾವ ರೂಲ್ಸಿನಲ್ಲೂ ಇಲ್ಲ ಎಂದು ಶುರುಮಾಡಿದರು. ಬಿಂದುಶ್ರೀ ಎದ್ದು ಹೋಗಿ ಮೂರು ಲೋಟ ಮಜ್ಜಿಗೆ ತಂದು, ಮೊದಲ ಲೋಟವನ್ನು ಮರಿಸ್ವಾಮಿಯವರಿಗೆ ಕೊಟ್ಟು, ಎರಡನೆಯದನ್ನು ಒಂದು ಗಳಿಗೆ ತಡೆದು ಮೇಡಮ್ಮಿಗೆ ಕೊಟ್ಟಳು.

ಅರ್ಧ ಲೋಟ ಕುಡಿದು ಚೂಡಾಮಣಿಯವರು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ಮರಿಸ್ವಾಮಿಯವರೇ, ಆವತ್ತಿನ ವಾದ ಅರ್ಧಕ್ಕೇ ನಿಂತಿದೆ," ಎಂದರು. "ಲಗೇಜ್ ಎಂದರೆ ಏನು? ಲಕ್ಷಣ ಹೇಳಿ. ಇವತ್ತು ವಿಷಲ್ ಊದಿ ಇಳಿಸೋ ಹಾಗಿಲ್ಲ."

ಮರಿಸ್ವಾಮಿಯವರು ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಹದಿನೆಂಟು ವರ್ಷ ತಿದ್ದಿ ತೀಡಿ ಇಟ್ಟುಕೊಂಡಿದ್ದ ಲಕ್ಷಣ ಅದು. ಎರಡನೆಯ ವಾಕ್ಯಕ್ಕೇ ಚೂಡಾಮಣಿಯವರು ತಪ್ಪು ಹಿಡಿದರು. ಮರಿಸ್ವಾಮಿಯವರು ಬಿಟ್ಟುಕೊಡಲಿಲ್ಲ.